ಕೊಯ್ನಾ ಮಾದರಿ ನಾಲ್ಕನೇ ಸೆಕೆಂಡಿನಲ್ಲಿ ಏಕೆ ನಿಲ್ಲುತ್ತದೆ? ಟೈಮ್ ಸ್ಟೆಪ್ ಮತ್ತು ಟಾಲರೆನ್ಸ್ ಕುರಿತ ಪ್ರಶ್ನೋತ್ತರ

ಪ್ರಶ್ನೆ (ಎಂ.ಟೆಕ್. ವಿದ್ಯಾರ್ಥಿನಿ, ಹುಬ್ಬಳ್ಳಿ):

ಮೇಡಂ, ನಮಸ್ಕಾರ. ಪ್ರಬಂಧಕ್ಕಾಗಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಒಂದು ಅಡ್ಡಸೀಳನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ವಿಂಗಡಿಸಿ ಅಬಾಕಸ್ ತಂತ್ರಾಂಶದಲ್ಲಿ ವಿಶ್ಲೇಷಿಸುತ್ತಿದ್ದೇನೆ. ಎತ್ತರ 103 ಮೀಟರ್, ದಪ್ಪ 1 ಮೀಟರ್, ಎರಡು ಆಯಾಮದ ಮಾದರಿ. 1967ರ ಭೂಕಂಪದ ದಾಖಲೆಯನ್ನು ತಳಕ್ಕೆ ಕೊಟ್ಟಿದ್ದೇನೆ. ಅದರ ಬಿಂದುಗಳ ನಡುವಿನ ಅಂತರ 0.01 ಸೆಕೆಂಡ್, ಒಟ್ಟು ಅವಧಿ 10 ಸೆಕೆಂಡ್. ಕಾಂಕ್ರೀಟಿನ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 31,000 ಮೆಗಾಪ್ಯಾಸ್ಕಲ್, ಕರ್ಷಣ ಸಾಮರ್ಥ್ಯ 2.9 ಮೆಗಾಪ್ಯಾಸ್ಕಲ್, ಬಿರುಕಿನ ಶಕ್ತಿ ಮೀಟರಿಗೆ 200 ನ್ಯೂಟನ್, ಬಿರುಕು ಬಿಟ್ಟ ಮೇಲೆ ಸಾಮರ್ಥ್ಯ ನೇರ ರೇಖೆಯಲ್ಲಿ ಇಳಿಯುತ್ತದೆ. ಎಲಿಮೆಂಟಿನ ಅಳತೆ 2 ಮೀಟರ್. ಕಾಲದಲ್ಲಿ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಮಾಡಲು ಹಿಲ್ಬರ್-ಹ್ಯೂಸ್-ಟೇಲರ್ ವಿಧಾನ, ಅದರಲ್ಲಿ ಅನಗತ್ಯ ಕಂಪನ ತಗ್ಗಿಸುವ ಅಂಕಿ ಆಲ್ಫಾ -0.05, ಟೈಮ್ ಸ್ಟೆಪ್ (ಒಂದು ಹೆಜ್ಜೆಯ ಸಮಯ) 0.01 ಸೆಕೆಂಡ್, ಶೇಷಬಲದ (ಸಮತೋಲನವಾಗದೆ ಉಳಿದ ಬಲದ) ಟಾಲರೆನ್ಸ್, ಅಂದರೆ ಒಪ್ಪುವ ಮಿತಿ, ತಂತ್ರಾಂಶ ತಾನಾಗಿ ಕೊಡುವ 0.005.

ನಾಲ್ಕು ಸೆಕೆಂಡಿನ ಹತ್ತಿರ ಲೆಕ್ಕ ನಿಲ್ಲುತ್ತದೆ. ಟೈಮ್ ಸ್ಟೆಪ್ ತಾನಾಗಿಯೇ ಕುಗ್ಗುತ್ತ ಕುಗ್ಗುತ್ತ ಕನಿಷ್ಠ ಮಿತಿ ಮುಟ್ಟಿ ಕೈಚೆಲ್ಲುತ್ತದೆ. ಸಹಪಾಠಿಯೊಬ್ಬರು ಟಾಲರೆನ್ಸನ್ನು 0.05ಕ್ಕೆ ಏರಿಸಲು ಹೇಳಿದರು. ಏರಿಸಿದೆ, ಹತ್ತೂ ಸೆಕೆಂಡ್ ಮುಗಿಯಿತು. ಆದರೆ ಹಾನಿ ಮೇಲ್ಭಾಗದಲ್ಲೆಲ್ಲ ಹರಡಿದಂತೆ ಕಾಣುತ್ತಿದೆ. ಈ ಫಲಿತಾಂಶವನ್ನು ಪ್ರಬಂಧದಲ್ಲಿ ಹಾಕಬಹುದೇ?

ಉತ್ತರ (ಅಣೆಕಟ್ಟು ಸುರಕ್ಷತಾ ವಿಶ್ಲೇಷಕಿ):

ಹಾಕಬೇಡಿ. 0.05ರಲ್ಲಿ ಬಂದ ಫಲಿತಾಂಶವನ್ನು ಬದಿಗಿಟ್ಟು, ಲೆಕ್ಕ ನಿಂತುಹೋದ ಮೊದಲ ರನ್ನಿಗೆ ಮರಳಿ. ನಿಮಗೆ ಬೇಕಾದ ಮಾಹಿತಿ ಇರುವುದು ಅದರಲ್ಲೇ.

1967ರ ಡಿಸೆಂಬರ್ 11ರ ಆ ಭೂಕಂಪದ ಪ್ರಮಾಣ ಸುಮಾರು 6.5. ಅಣೆಕಟ್ಟು ಒಡೆಯಲಿಲ್ಲ. ಆದರೆ ನೀರು ಹರಿಯದ ಭಾಗದ ಬ್ಲಾಕ್‌ಗಳಲ್ಲಿ, ಕೆಳಮುಖದ (ನೀರು ನಿಲ್ಲದ ಕಡೆಯ ಮುಖದ) ಇಳಿಜಾರು ಬದಲಾಗುವ ಮಟ್ಟದ ಆಸುಪಾಸಿನಲ್ಲಿ, ಎರಡೂ ಮುಖಗಳ ಮೇಲೆ ಅಡ್ಡ ಬಿರುಕುಗಳು ಬಿದ್ದವು. ಮುಂದೆ ಆಸರೆ ಗೋಡೆಗಳನ್ನು ಕಟ್ಟಿ ಅದನ್ನು ಬಲಪಡಿಸಲಾಯಿತು. ಹೀಗಾಗಿಯೇ ಜಗತ್ತಿನೆಲ್ಲೆಡೆ ಈ ಅಣೆಕಟ್ಟು ಪರೀಕ್ಷಾ ಮಾದರಿಯಾಗಿದೆ: ಎಲ್ಲಿ ಬಿರುಕು ಬಿಡಬೇಕು ಎನ್ನುವುದು ಗೊತ್ತಿದೆ. ಕೊಯ್ನಾ ನದಿ ಕರಾಡದಲ್ಲಿ ಕೃಷ್ಣೆಯನ್ನು ಸೇರಿ ನಮ್ಮ ಆಲಮಟ್ಟಿಯ ಕಡೆಗೇ ಹರಿಯುತ್ತದೆ. ಈ ಅಣೆಕಟ್ಟಿನ ಲೆಕ್ಕವನ್ನು ನಮ್ಮವರು ಸರಿಯಾಗಿ ಮಾಡಬೇಕು ಎಂಬ ಆಸೆ ನನಗೆ ಬಹಳ ಇದೆ.

ಈಗ ನಿಮ್ಮ ಮಾದರಿಗೆ ಬರೋಣ. ಲೆಕ್ಕ ನಿಂತ ಕ್ಷಣದಲ್ಲಿ ಅತಿ ಹೆಚ್ಚು ಶೇಷಬಲ ಯಾವ ನೋಡ್‌ನಲ್ಲಿದೆ (ಎಲಿಮೆಂಟುಗಳು ಸೇರುವ ಬಿಂದು) ಎಂದು ಮೆಸೇಜ್ ಫೈಲ್ ತೆರೆದು ನೋಡಿ. ಅದು ಕೆಳಮುಖದ ಇಳಿಜಾರು ಬದಲಾಗುವ ಮೂಲೆಯಲ್ಲೋ ತಳದ ಹಿಮ್ಮಡಿಯಲ್ಲೋ (ನೀರಿನ ಕಡೆಯ ತಳದ ಮೂಲೆ) ಇರುತ್ತದೆ ಎಂದು ನನ್ನ ಅಂದಾಜು, ಏಕೆಂದರೆ ಮೊದಲ ಬಿರುಕು ತೆರೆಯುವುದು ಅಲ್ಲಿ. ಹಾಗಿದ್ದರೆ ಕಾಗದದ ಮೇಲೆ ಒಂದು ಸಣ್ಣ ಲೆಕ್ಕ ಮಾಡಿ.

2 ಮೀಟರ್ ಉದ್ದದ ಎಲಿಮೆಂಟ್ ಕರ್ಷಣ ಮಿತಿ ಮುಟ್ಟುವಾಗ ಎಷ್ಟು ಹಿಗ್ಗಿರುತ್ತದೆ? 2.9ನ್ನು 31,000ದಿಂದ ಭಾಗಿಸಿ 2 ಮೀಟರಿನಿಂದ ಗುಣಿಸಿದರೆ ಸುಮಾರು 0.187 ಮಿಲಿಮೀಟರ್. ಬಿರುಕು ಪೂರ್ತಿ ತೆರೆದು ಒತ್ತಡ ಶೂನ್ಯವಾಗುವಾಗ ಹಿಗ್ಗುವಿಕೆ ಎಷ್ಟು? ನೇರ ರೇಖೆಯ ಇಳಿತವಾದ್ದರಿಂದ ಬಿರುಕಿನ ಶಕ್ತಿಯ ಎರಡರಷ್ಟನ್ನು ಕರ್ಷಣ ಸಾಮರ್ಥ್ಯದಿಂದ ಭಾಗಿಸಬೇಕು: 400 ÷ 29,00,000, ಅಂದರೆ ಸುಮಾರು 0.138 ಮಿಲಿಮೀಟರ್. ಗಮನಿಸಿ, ಪೂರ್ತಿ ಒಡೆದ ಎಲಿಮೆಂಟ್ ಒಡೆಯುವ ಮುಂಚಿನದಕ್ಕಿಂತ ಗಿಡ್ಡವಾಗಿರಬೇಕು ಎಂದು ನಿಮ್ಮ ಮಾದರಿ ಕೇಳುತ್ತಿದೆ. ಹಿಗ್ಗುವಿಕೆ ಹೆಚ್ಚುತ್ತಲೇ ಹೋದರೆ ಈ ದಾರಿಯಲ್ಲಿ ನಡೆಯಲು ಸಾಧ್ಯವೇ ಇಲ್ಲ. ಟೈಮ್ ಸ್ಟೆಪ್ ಎಷ್ಟೇ ಚಿಕ್ಕದು ಮಾಡಿದರೂ ಆ ಎಲಿಮೆಂಟಿಗೆ ಸಮತೋಲನದ ಸ್ಥಿತಿ ಹತ್ತಿರದಲ್ಲಿ ಸಿಗುವುದಿಲ್ಲ. ಪ್ರತಿ ಹೆಜ್ಜೆಯಲ್ಲೂ ಇಟರೇಶನ್‌ಗಳ (ಮತ್ತೆ ಮತ್ತೆ ತಿದ್ದುವ ಸುತ್ತುಗಳ) ಮೂಲಕ ಸಮತೋಲನ ಹುಡುಕುವ ನ್ಯೂಟನ್ ವಿಧಾನ ಕೈಚೆಲ್ಲಿದ್ದು ಸರಿಯಾದ ಕಾರಣಕ್ಕೇ.

ಈ ಸಾಮಗ್ರಿಗೆ ಎಲಿಮೆಂಟ್ ಅಳತೆಯ ಮೇಲ್ಮಿತಿ ಸುಮಾರು 1.47 ಮೀಟರ್. ಮಿತಿಯ ಅಂಚಿನಲ್ಲಿ ನಿಲ್ಲಬೇಡಿ. ಬಿರುಕು ಬರುವ ಪಟ್ಟಿಯಲ್ಲಿ 0.75 ಮೀಟರ್ ಇಡಿ. ಆಗ ಮಿತಿ ಮುಟ್ಟುವಾಗಿನ ಹಿಗ್ಗುವಿಕೆ 0.07 ಮಿಲಿಮೀಟರ್, ಪೂರ್ತಿ ಒಡೆಯುವಾಗಿನದು 0.138. ನಡೆಯಲು ಇಳಿಜಾರು ಇರುತ್ತದೆ.

0.05 ಟಾಲರೆನ್ಸ್ ಮಾಡಿದ್ದು ಏನೆಂದರೆ, ಆ ಮೂಲೆಯಲ್ಲಿ ಸಮತೋಲನ ಇಲ್ಲದಿದ್ದರೂ ಇದೆ ಎಂದು ಒಪ್ಪಿಕೊಂಡಿತು. ಅಬಾಕಸ್ ಶೇಷಬಲವನ್ನು ಇಡೀ ಮಾದರಿಯ ಸರಾಸರಿ ಬಲದ ಜೊತೆ ಹೋಲಿಸುತ್ತದೆ. ಅಣೆಕಟ್ಟಿನಂಥ ಭಾರಿ ರಚನೆಯಲ್ಲಿ ಸ್ವಂತ ತೂಕ, ನೀರಿನ ಒತ್ತಡ, ಜಡತ್ವ ಎಲ್ಲ ಸೇರಿ ಆ ಸರಾಸರಿ ದೊಡ್ಡದು. ಒಂದು ಮೂಲೆಯ ಬಿರುಕಿನ ತಪ್ಪು ಅದರಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಅನುಪಾತವನ್ನಷ್ಟೇ ನೋಡಬೇಡಿ, ಶೇಷಬಲವನ್ನು ನ್ಯೂಟನ್‌ಗಳಲ್ಲೇ ಓದಿ. 0.75 ಮೀಟರ್ ಅಗಲದ ಎಲಿಮೆಂಟ್ ಗರಿಷ್ಠ ಹೊರಬಲ್ಲ ಕರ್ಷಣ ಬಲ 2.9 × 0.75 × 1, ಅಂದರೆ ಸುಮಾರು 2,175 ಕಿಲೋನ್ಯೂಟನ್. ಕೊನೆಯ ಇಟರೇಶನ್‌ನಲ್ಲಿ ಉಳಿದ ಶೇಷಬಲ ಇದರ ನೂರನೇ ಒಂದು ಭಾಗಕ್ಕಿಂತ ಚೆನ್ನಾಗಿ ಕೆಳಗಿರಬೇಕು. ನೂರಾರು ಕಿಲೋನ್ಯೂಟನ್ ಉಳಿದಿದ್ದರೆ ಆ ಬಿರುಕು ಎಲ್ಲಿಗೆ ಹೋಯಿತು ಎಂಬ ಚಿತ್ರಕ್ಕೆ ಅರ್ಥವಿಲ್ಲ.

ಇನ್ನೊಂದು ವಿಷಯ. ಕಾಂಕ್ರೀಟಿನ ಹಾನಿಯನ್ನು ಲೆಕ್ಕ ಹಾಕುವ ಕಾಂಕ್ರೀಟ್ ಡ್ಯಾಮೇಜ್ಡ್ ಪ್ಲಾಸ್ಟಿಸಿಟಿ ಮಾದರಿಯಲ್ಲಿ ಹರಿವಿನ ನಿಯಮ (ಮಣಿದ ಮೇಲೆ ಸಾಮಗ್ರಿ ಯಾವ ದಿಕ್ಕಿಗೆ ಸರಿಯುತ್ತದೆ ಎಂಬುದು) ಮತ್ತು ಯೀಲ್ಡ್ ಮೇಲ್ಮೈ (ಯಾವ ಒತ್ತಡದಲ್ಲಿ ಮಣಿಯುತ್ತದೆ ಎಂಬ ಗಡಿ) ಬೇರೆ ಬೇರೆ. ಹೀಗಾಗಿ ಸ್ಟಿಫ್‌ನೆಸ್ (ಬಿಗಿತ) ಮ್ಯಾಟ್ರಿಕ್ಸ್ ಸಮಮಿತಿ ಕಳೆದುಕೊಳ್ಳುತ್ತದೆ. ವಿಶ್ಲೇಷಣೆಯ ಹಂತದ ವ್ಯಾಖ್ಯಾನದಲ್ಲಿ ಅಸಮಮಿತ ಸಾಲ್ವರ್ ಆಯ್ಕೆ ಮಾಡಿದ್ದೀರಾ ಎಂದು ನೋಡಿ. ಮಾಡದಿದ್ದರೆ ಪ್ರತಿ ಇಟರೇಶನ್‌ನಲ್ಲೂ ದಿಕ್ಕು ತಪ್ಪಿದ ತಿದ್ದುಪಡಿಯೇ ಸಿಗುತ್ತದೆ. ಇದನ್ನು ಗುರುತಿಸುವುದು ಸುಲಭ: ನ್ಯೂಟನ್ ಸರಿಯಾಗಿ ನಡೆಯುವಾಗ ಶೇಷಬಲ ಮೊದಲು ಹತ್ತನೇ ಒಂದು, ಆಮೇಲೆ ನೂರನೇ ಒಂದು, ಆಮೇಲೆ ಹತ್ತುಸಾವಿರನೇ ಒಂದು ಎಂದು ಇಳಿತದ ವೇಗವೇ ಹೆಚ್ಚುತ್ತ ಹೋಗುತ್ತದೆ. ಪ್ರತಿ ಬಾರಿ ಅರ್ಧ ಅರ್ಧವಾಗಿ ಸೊರಗುತ್ತಿದ್ದರೆ ಮ್ಯಾಟ್ರಿಕ್ಸ್ ಸರಿಯಿಲ್ಲ. ಏರಿ ಇಳಿದು ಎರಡು ಅಂಕಿಗಳ ನಡುವೆ ಓಲಾಡುತ್ತಿದ್ದರೆ ಯಾವುದೋ ಬಿರುಕು ಅಥವಾ ಕಾಂಟ್ಯಾಕ್ಟ್ ತೆರೆದು ಮುಚ್ಚುತ್ತಿದೆ. ಟೈಮ್ ಸ್ಟೆಪ್ ಕಿರಿದು ಮಾಡಿದರೆ ನಿಜವಾಗಿ ಫಲ ಸಿಗುವುದು ಈ ಕೊನೆಯ ಸಂದರ್ಭದಲ್ಲಿ.

ಮರುಪ್ರಶ್ನೆ (ಅದೇ ವಿದ್ಯಾರ್ಥಿನಿ):

ಮೇಡಂ, ಶೇಷಬಲ ಇದ್ದದ್ದು ನೀವು ಹೇಳಿದ ಮೂಲೆಯಲ್ಲೇ. ಮೆಶ್ (ಎಲಿಮೆಂಟುಗಳ ಜಾಲ) 0.75 ಮೀಟರಿಗೆ ಇಳಿಸಿ ಅಸಮಮಿತ ಸಾಲ್ವರ್ ಹಾಕಿದೆ. ಈಗ 0.005 ಟಾಲರೆನ್ಸ್‌ನಲ್ಲೇ ನಾಲ್ಕನೇ ಸೆಕೆಂಡ್ ದಾಟುತ್ತಿದೆ, ಬಿರುಕು ಕಿರಿದಾದ ಪಟ್ಟಿಯಾಗಿ ಕಾಣುತ್ತಿದೆ. ಹಾಗಾದರೆ ಟೈಮ್ ಸ್ಟೆಪ್ 0.01 ಸಾಕೇ? ದಾಖಲೆಯ ಅಂತರವೇ 0.01 ಇರುವಾಗ ಅದಕ್ಕಿಂತ ಚಿಕ್ಕದರಿಂದ ಲಾಭ ಇದೆಯೇ?

ಉತ್ತರ:

ಲಾಭ ಇದೆ. ದಾಖಲೆಯ ಅಂತರ ಹೇಳುವುದು ನೆಲ ಹೇಗೆ ಅಲುಗಿತು ಎಂಬುದನ್ನು. ಅಣೆಕಟ್ಟು ಹೇಗೆ ಅಲುಗುತ್ತದೆ, ಬಿರುಕು ಎಷ್ಟು ಬೇಗ ತೆರೆಯುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಮೊದಲು ಬಿರುಕು ಬಿಡುವ ಮುಂಚಿನ ಸ್ಥಿತಿ. ನಿಮ್ಮ ಮಾದರಿಯ ಮೊದಲ ಕಂಪನ ವಿಧಾನದ (ಅಣೆಕಟ್ಟು ಸಹಜವಾಗಿ ಅಲುಗುವ ಒಂದು ರೀತಿ, ಮೋಡ್) ಅವಧಿ 0.34 ಸೆಕೆಂಡ್ ಸುತ್ತ, ನಾಲ್ಕನೆಯದು 0.064 ಸುತ್ತ ಇರಬೇಕು. ನೀವು ಬಳಸುವ ವಿಧಾನಕ್ಕೆ ಮೂಲವಾದ, ನ್ಯೂಮಾರ್ಕ್ 1959ರಲ್ಲಿ ಕೊಟ್ಟ ವಿಧಾನದ ಸರಾಸರಿ ವೇಗೋತ್ಕರ್ಷ ಸೂತ್ರ ಅವಧಿಯನ್ನು ಸ್ವಲ್ಪ ಉದ್ದ ಮಾಡುತ್ತದೆ. ಕೋನೀಯ ಆವರ್ತನವನ್ನು ಟೈಮ್ ಸ್ಟೆಪ್‌ನಿಂದ ಗುಣಿಸಿ, ವರ್ಗ ಮಾಡಿ, 12ರಿಂದ ಭಾಗಿಸಿದರೆ ಆ ದೋಷದ ಅಂದಾಜು ಸಿಗುತ್ತದೆ. 0.01ರಲ್ಲಿ ಮೊದಲ ಕಂಪನ ವಿಧಾನದ ದೋಷ ಶೇ 0.3, ಲೆಕ್ಕಕ್ಕಿಲ್ಲ. ನಾಲ್ಕನೇ ಕಂಪನ ವಿಧಾನದ್ದು ಶೇ 8. ಟೈಮ್ ಸ್ಟೆಪ್ 0.005 ಮಾಡಿದರೆ ಅದು ಶೇ 2ಕ್ಕೆ, 0.002 ಮಾಡಿದರೆ ಶೇ 0.3ಕ್ಕೆ ಇಳಿಯುತ್ತದೆ. ನಿಮ್ಮ ಆಲ್ಫಾದಿಂದ ಈ ಅಂಕಿಗಳು ಅಲ್ಪ ಬದಲಾಗುತ್ತವೆ, ಚಿತ್ರ ಬದಲಾಗುವುದಿಲ್ಲ. ಈ ವಿಧಾನ ಸ್ಥಿರ, ಹೆಜ್ಜೆ ಎಷ್ಟು ದೊಡ್ಡದಿದ್ದರೂ ಸ್ಫೋಟಿಸುವುದಿಲ್ಲ ಎಂದು ತರಗತಿಯಲ್ಲಿ ಕಲಿಸುತ್ತಾರೆ. ರೇಖೀಯ ರಚನೆಗೆ ಅದು ನಿಜ. ಆದರೆ ಸ್ಥಿರವಾಗಿದ್ದುಕೊಂಡೇ ತಪ್ಪು ಉತ್ತರ ಕೊಡಬಹುದು, ರೇಖೀಯವಲ್ಲದ ರಚನೆಯಲ್ಲಿ ಆ ಖಾತರಿಯೂ ಇಲ್ಲ.

ಬಿರುಕು ಬಿಟ್ಟ ಮೇಲೆ ಅವಧಿಗಳ ಲೆಕ್ಕ ಸಾಲದು. 0.138 ಮಿಲಿಮೀಟರ್ ಎಂಬ ಅಂಕಿಯನ್ನು ನೆನಪಿಡಿ. ಬಿರುಕಿನ ಮುಖಗಳು ಸೆಕೆಂಡಿಗೆ 10 ಮಿಲಿಮೀಟರ್ ವೇಗದಲ್ಲಿ ದೂರ ಸರಿಯುತ್ತಿವೆ ಎನ್ನಿ. 0.01 ಸೆಕೆಂಡಿನ ಒಂದೇ ಹೆಜ್ಜೆಯಲ್ಲಿ 0.1 ಮಿಲಿಮೀಟರ್ ತೆರೆಯುತ್ತದೆ, ಅಂದರೆ ಸಾಮರ್ಥ್ಯದ ಇಳಿತದ ಬಹುಪಾಲು ಒಂದೇ ಹೆಜ್ಜೆಯಲ್ಲಿ ಮುಗಿದುಹೋಗುತ್ತದೆ. ಬಿರುಕಿನ ತುದಿಯ ಒತ್ತಡ ಪಕ್ಕದ ಎಲಿಮೆಂಟಿಗೆ ಹೇಗೆ ಹಂಚಿಹೋಯಿತು ಎಂಬುದನ್ನು ಲೆಕ್ಕ ನೋಡುವುದೇ ಇಲ್ಲ. 0.002 ಸೆಕೆಂಡಿನಲ್ಲಾದರೆ ಅದೇ ಇಳಿತವನ್ನು ಏಳು ಹೆಜ್ಜೆಗಳಲ್ಲಿ ನೋಡುತ್ತೀರಿ.

ಆದ್ದರಿಂದ 0.002ರಿಂದ ಶುರು ಮಾಡಿ. 0.01ನ್ನು ಸಮನಾಗಿ ಭಾಗಿಸುವ ಹೆಜ್ಜೆಯನ್ನೇ ಆರಿಸಿ, 0.003ರಂಥದ್ದನ್ನು ಇಟ್ಟರೆ ದಾಖಲೆಯ ಶಿಖರಗಳ ಮೇಲೆ ಕಾಲಿಡದೆ ದಾಟಿಹೋಗುತ್ತೀರಿ. ಆಮೇಲೆ 0.001ರಲ್ಲಿ ಇನ್ನೊಮ್ಮೆ ಓಡಿಸಿ ಹೋಲಿಸಿ. ಹೋಲಿಸುವಾಗ ಅಣೆಕಟ್ಟಿನ ನೆತ್ತಿಯ ಸ್ಥಾನಪಲ್ಲಟ ಒಂದನ್ನೇ ನೋಡಿ ತೃಪ್ತರಾಗಬೇಡಿ. ಆ ಅಂಕಿ ಬಹಳ ಉದಾರಿ, ಒಳಗೆ ಬಿರುಕು ಬೇರೆ ದಾರಿ ಹಿಡಿದಿದ್ದರೂ ಒಂದೇ ಆಗಿ ಕಾಣಬಹುದು. ಬಿರುಕಿನಲ್ಲಿ ವ್ಯಯವಾದ ಶಕ್ತಿ, ಕೊನೆಯಲ್ಲಿ ಉಳಿದ ಶಾಶ್ವತ ಸ್ಥಾನಪಲ್ಲಟ, ಬಿರುಕಿನ ಉದ್ದ, ಈ ಮೂರೂ ಹೊಂದಬೇಕು. ಬಿರುಕು ಅಡ್ಡಲಾಗಿ ಬಹುಪಾಲು ಸೀಳಿದ ಮೇಲಿನ ಕಂಪನದ ರೇಖೆಗಳು ಎರಡು ಹೆಜ್ಜೆಗಳ ನಡುವೆ ಚೂರು ಸರಿಯಬಹುದು, ಅದಕ್ಕೆ ಗಾಬರಿಯಾಗಬೇಡಿ. ಮೊದಲ ಬಿರುಕಿನವರೆಗಿನ ರೇಖೆಗಳು ಮಾತ್ರ ಒಂದರ ಮೇಲೊಂದು ಕೂರಲೇಬೇಕು.

ಸ್ವಂತ ತೂಕ ಮತ್ತು ನೀರಿನ ಸ್ಥಿರ ಒತ್ತಡವನ್ನು ವಿಶ್ಲೇಷಣೆಯ ಪ್ರತ್ಯೇಕ ಸ್ಥಿರ ಹಂತದಲ್ಲಿ ಮೊದಲೇ ಕೊಟ್ಟಿದ್ದೀರಿ ಎಂದುಕೊಂಡಿದ್ದೇನೆ. ಭೂಕಂಪದ ಜೊತೆಗೇ ತೂಕವನ್ನು ಹಠಾತ್ತಾಗಿ ಹೇರಿದರೆ ಅಣೆಕಟ್ಟು ಕುಸಿದು ಪುಟಿಯುವ ಸುಳ್ಳು ಕಂಪನ ಎಲ್ಲದರೊಳಗೂ ಬೆರೆಯುತ್ತದೆ.

ಪ್ರಶ್ನೆ (ವಾಹನ ಬಿಡಿಭಾಗಗಳ ಪರೀಕ್ಷಾ ಎಂಜಿನಿಯರ್, ಪುಣೆ):

ನಡುವೆ ಮಾತಾಡುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಡ್ರಾಪ್ ಟೆಸ್ಟ್ (ಬೀಳಿಸಿ ನೋಡುವ ಪರೀಕ್ಷೆ) ಎಲ್ಲ ಎಕ್ಸ್‌ಪ್ಲಿಸಿಟ್ ವಿಧಾನದಲ್ಲೇ, ಅಂದರೆ ಈಗಿನ ಸ್ಥಿತಿಯಿಂದ ನೇರವಾಗಿ ಮುಂದಿನ ಹೆಜ್ಜೆ ಲೆಕ್ಕ ಹಾಕುವುದು. ಅದರಲ್ಲಿ ಇಟರೇಶನ್ ಇಲ್ಲ, ಕನ್ವರ್ಜೆನ್ಸ್ (ಇಟರೇಶನ್ ಸಮತೋಲನಕ್ಕೆ ಬಂದು ನಿಲ್ಲುವುದು) ತಕರಾರೂ ಇಲ್ಲ. ಈ ಅಣೆಕಟ್ಟನ್ನೂ ಹಾಗೆ ಓಡಿಸಿದರೆ ಈ ತಾಪತ್ರಯ ಯಾವುದೂ ಇರುವುದಿಲ್ಲವಲ್ಲ?

ಉತ್ತರ:

ಓಡಿಸಬಹುದು, ಒಳ್ಳೆಯ ಪ್ರಶ್ನೆ. ಆದರೆ ಇಲ್ಲಿ ಒಂದು ಗುಂಡಿ ಇದೆ, ಡ್ರಾಪ್ ಟೆಸ್ಟ್ ಮಾಡುವವರಿಗೆ ಅದು ಸಾಮಾನ್ಯವಾಗಿ ಎದುರಾಗುವುದಿಲ್ಲ.

ಎಕ್ಸ್‌ಪ್ಲಿಸಿಟ್ ವಿಧಾನದಲ್ಲಿ ಹೆಜ್ಜೆಯ ಮಿತಿ ಶಬ್ದ ತರಂಗ ಒಂದು ಎಲಿಮೆಂಟನ್ನು ದಾಟುವ ಸಮಯ. ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಮೂವರು 1928ರಲ್ಲೇ ತೋರಿಸಿದ ಷರತ್ತು ಇದು. ಈ ಕಾಂಕ್ರೀಟಿನ ಸಾಂದ್ರತೆ ಘನ ಮೀಟರಿಗೆ 2,640 ಕಿಲೋಗ್ರಾಂ ಎಂದು ಹಿಡಿದರೆ ತರಂಗದ ವೇಗ ಸೆಕೆಂಡಿಗೆ ಸುಮಾರು 3,400 ಮೀಟರ್; 0.75 ಮೀಟರ್ ಎಲಿಮೆಂಟಿಗೆ 0.22 ಮಿಲಿಸೆಕೆಂಡ್. ಹತ್ತು ಸೆಕೆಂಡಿಗೆ ನಲವತ್ತೈದು ಸಾವಿರ ಹೆಜ್ಜೆ, ಇಂದಿನ ಕಂಪ್ಯೂಟರಿಗೆ ಏನೂ ಅಲ್ಲ.

ಈಗ ಡ್ಯಾಂಪಿಂಗ್ (ಕಂಪನವನ್ನು ಕ್ರಮೇಣ ತಗ್ಗಿಸುವ ಗುಣ) ಸೇರಿಸಿ. ಮೊದಲ ಕಂಪನ ವಿಧಾನಕ್ಕೆ ಶೇ 3 ಡ್ಯಾಂಪಿಂಗ್ ಬೇಕೆಂದು ಅದನ್ನು ಸ್ಟಿಫ್‌ನೆಸ್‌ಗೆ ಅನುಪಾತವಾಗಿ ಕೊಟ್ಟರೆ ಆ ಅನುಪಾತದ ಗುಣಾಂಕ ಬೀಟಾ 0.0032 ಸೆಕೆಂಡ್ ಆಗುತ್ತದೆ. ಈ ಬಗೆಯ ಡ್ಯಾಂಪಿಂಗ್ ಆವರ್ತನದ ಜೊತೆ ಏರುತ್ತದೆ. ನಾಲ್ಕನೇ ಕಂಪನ ವಿಧಾನಕ್ಕೇ ಶೇ 16 ತಲುಪುತ್ತದೆ. ಮೆಶ್‌ನ ಅತ್ಯುನ್ನತ ಆವರ್ತನದಲ್ಲಿ ಅದು ಕ್ರಾಂತಿಕ ಮಟ್ಟದ (ಓಲಾಟವೇ ಆಗದಂತೆ ತಡೆಯುವ ಮಟ್ಟದ) ಹದಿನಾಲ್ಕು ಪಟ್ಟಿಗೂ ಹೆಚ್ಚು. ಎಕ್ಸ್‌ಪ್ಲಿಸಿಟ್ ಹೆಜ್ಜೆಯ ಮಿತಿ ಆಗ 0.22 ಮಿಲಿಸೆಕೆಂಡಿನಿಂದ 0.0074 ಮಿಲಿಸೆಕೆಂಡಿಗೆ, ಅಂದರೆ ಮೂವತ್ತರಲ್ಲಿ ಒಂದು ಭಾಗಕ್ಕೆ ಕುಸಿಯುತ್ತದೆ. ಹೆಜ್ಜೆಗಳ ಸಂಖ್ಯೆ ಹದಿಮೂರು ಲಕ್ಷ ದಾಟುತ್ತದೆ. ಕೆಲವರು ಬೇಸತ್ತು ಬೀಟಾ ತೆಗೆದು ದ್ರವ್ಯರಾಶಿಗೆ ಅನುಪಾತವಾದ ಡ್ಯಾಂಪಿಂಗ್ ಹಾಕುತ್ತಾರೆ, ಆಗ ಮೇಲಿನ ಕಂಪನ ವಿಧಾನಗಳ ಡ್ಯಾಂಪಿಂಗ್ ಬಹುತೇಕ ಇಲ್ಲವಾಗಿ ಬಿರುಕಿನ ಚಿತ್ರವೇ ಬದಲಾಗುತ್ತದೆ. ಎರಡು ರಚನೆಗಳ ಉತ್ತರವನ್ನು ಒಂದೇ ಎಂದು ಹೋಲಿಸಿದಂತಾಗುತ್ತದೆ.

ತಕರಾರು ಇಲ್ಲದಿರುವುದೂ ಅಪಾಯವೇ. 2 ಮೀಟರ್ ಎಲಿಮೆಂಟಿನ ಆ ಅಸಾಧ್ಯ ದಾರಿಯನ್ನು ಎಕ್ಸ್‌ಪ್ಲಿಸಿಟ್ ವಿಧಾನ ಒಂದು ಮಾತೂ ಹೇಳದೆ ಜಿಗಿದು ದಾಟುತ್ತದೆ, ಹೆಚ್ಚುವರಿ ಶಕ್ತಿ ಕಂಪನವಾಗಿ ಸುತ್ತಮುತ್ತ ಚೆಲ್ಲುತ್ತದೆ. ಆದ್ದರಿಂದ ಎಕ್ಸ್‌ಪ್ಲಿಸಿಟ್ ಬಳಸುವವರು ಶಕ್ತಿಯ ಲೆಕ್ಕಪತ್ರವನ್ನು ಇನ್ನೂ ಕಟ್ಟುನಿಟ್ಟಾಗಿ ನೋಡಬೇಕು: ಹೊರಗಿನಿಂದ ಬಂದ ಕೆಲಸಕ್ಕೆ ಚಲನ ಶಕ್ತಿ, ಹಿಗ್ಗುವಿಕೆಯ ಶಕ್ತಿ, ಬಿರುಕು ಮತ್ತು ಡ್ಯಾಂಪಿಂಗ್‌ನಲ್ಲಿ ಹೋದದ್ದು ಎಲ್ಲ ಸೇರಿ ಸರಿದೂಗಬೇಕು. ಮಿಲಿಸೆಕೆಂಡುಗಳಲ್ಲಿ ಮುಗಿಯುವ ನಿಮ್ಮ ಡ್ರಾಪ್ ಟೆಸ್ಟಿಗೆ ಅದೇ ಸರಿಯಾದ ವಿಧಾನ, ಅದನ್ನು ಬಿಡಬೇಡಿ.

ಪ್ರಶ್ನೆ (ಕಟ್ಟಡ ವಿನ್ಯಾಸಕ, ಬೆಂಗಳೂರು):

ಎತ್ತರದ ಕಟ್ಟಡವೊಂದಕ್ಕೆ ಹನ್ನೊಂದು ಭೂಕಂಪ ದಾಖಲೆಗಳಿಂದ ವಿಶ್ಲೇಷಣೆ ಮಾಡುತ್ತಿದ್ದೇವೆ. ಒಂದು ದಾಖಲೆಯಲ್ಲಿ ಕನ್ವರ್ಜ್ ಆಗುತ್ತಿಲ್ಲ. ಅದನ್ನು ಬಿಟ್ಟು ಉಳಿದ ಹತ್ತರ ಸರಾಸರಿ ಕೊಡಿ ಎಂದು ಮೇಲಿನವರು ಹೇಳುತ್ತಿದ್ದಾರೆ.

ಉತ್ತರ:

ಬಿಡಬೇಡಿ. ಕನಿಷ್ಠ ಹನ್ನೊಂದು ದಾಖಲೆ ಕೇಳುವ ಅಮೆರಿಕದ ಎಎಸ್‌ಸಿಇ 7-16 ಸಂಹಿತೆಯೇ, ಲೆಕ್ಕ ಕನ್ವರ್ಜ್ ಆಗದಿರುವುದನ್ನು ಸ್ವೀಕಾರಾರ್ಹವಲ್ಲದ ಪ್ರತಿಕ್ರಿಯೆಗಳ ಸಾಲಿಗೆ ಸೇರಿಸಿದೆ. ಕಟ್ಟಡ ಕುಸಿಯುತ್ತಿರುವುದರಿಂದಲೇ ಸಮತೋಲನ ಸಿಗದೆ ಇರಬಹುದು. ಹಾಗಲ್ಲ, ಇದು ಬರೀ ಲೆಕ್ಕದ ತೊಡಕು ಎಂದು ತೋರಿಸುವ ಹೊಣೆ ವಿಶ್ಲೇಷಕರದ್ದು. ನಿಲ್ಲುವ ಮುಂಚಿನ ಕೆಲವು ಹೆಜ್ಜೆಗಳಲ್ಲಿ ಯಾವ ಅಂತಸ್ತಿನ ವಾಲುವಿಕೆ ಹಿಂದಿರುಗದೆ ಬೆಳೆಯುತ್ತಿದೆ ಎಂದು ನೋಡಿ. ಒಂದೇ ಅಂತಸ್ತು ಓಡುತ್ತಿದ್ದರೆ ಅದು ಕಟ್ಟಡ ಕೊಡುತ್ತಿರುವ ಸುದ್ದಿ, ಮೇಲಿನವರಿಗೆ ಅದನ್ನೇ ವರದಿ ಮಾಡಿ. ಎಲ್ಲ ಅಂತಸ್ತುಗಳೂ ಮಿತಿಯೊಳಗಿದ್ದು ಯಾವುದೋ ಒಂದು ಕಿರು ತೊಲೆಯ ಹಿಂಜ್ (ತೊಲೆ ಮಣಿಯುವ ಜಾಗ) ಮಾತ್ರ ಓಲಾಡುತ್ತಿದ್ದರೆ ಟೈಮ್ ಸ್ಟೆಪ್ ಇಳಿಸಿ, ಆ ಹಿಂಜ್‌ನ ಇಳಿತದ ರೇಖೆ ಕಡಿದಾಗಿದೆಯೇ ಪರಿಶೀಲಿಸಿ.

ಕನ್ವರ್ಜ್ ಆಗದಿದ್ದರೂ ಮುಂದುವರಿಯುವ ಆಯ್ಕೆ ನಿಮ್ಮ ತಂತ್ರಾಂಶದಲ್ಲಿ ಇದ್ದರೆ, ಉಳಿದ ಹತ್ತರಲ್ಲಿ ಅದು ಆನ್ ಆಗಿಲ್ಲ ಎಂದೂ ಖಚಿತಪಡಿಸಿಕೊಳ್ಳಿ.

ಮರುಪ್ರಶ್ನೆ (ವಿದ್ಯಾರ್ಥಿನಿ):

ಮೇಡಂ, ಕೊನೆಯದಾಗಿ ಎರಡು. ವಿಸ್ಕಾಸಿಟಿ ಪ್ಯಾರಾಮೀಟರ್ ಹಾಕಿದರೆ ಲೆಕ್ಕ ಬೇಗ ಮುಗಿಯುತ್ತದೆ, ಎಷ್ಟು ಹಾಕಬಹುದು? ಮತ್ತೆ, ಬಿರುಕು ತೆರೆದಿದ್ದರೂ ಅಲ್ಲಿ ಸ್ವಲ್ಪ ಕರ್ಷಣ ಉಳಿದಂತೆ ಕಾಣುತ್ತಿದೆ, ಅದು ಸಹಜವೇ?

ಉತ್ತರ:

ವಿಸ್ಕಾಸಿಟಿ ಪ್ಯಾರಾಮೀಟರ್‌ನ ಮಾನ ಸೆಕೆಂಡ್. ಹಾನಿ ಅಷ್ಟು ಹೊತ್ತು ತಡವಾಗಿ ಬರಲಿ ಎಂದು ನೀವು ಅನುಮತಿ ಕೊಡುತ್ತಿದ್ದೀರಿ. ನಿಮ್ಮ ಹೆಜ್ಜೆ 0.002 ಆದರೆ 0.0001 ಇಡಿ, ಹತ್ತನೇ ಒಂದು ಭಾಗದ ಮೇಲೆ ಹೋಗಬೇಡಿ. ಎಷ್ಟೋ ಪ್ರಬಂಧಗಳಲ್ಲಿ 0.01 ಎಂದು ಹಾಕಿರುತ್ತಾರೆ. ನಿಧಾನವಾಗಿ ಹೇರುವ ಸ್ಥಿರ ಭಾರಕ್ಕೆ ಅದು ನಡೆಯಬಹುದು. ಭೂಕಂಪದಲ್ಲಿ ಬಿರುಕು ತೆರೆಯಲು ಹಿಡಿಯುವ ಸಮಯವೇ ಅಷ್ಟು, ಅಂದಮೇಲೆ ಕರ್ಷಣ ಸಾಮರ್ಥ್ಯವನ್ನು ಕೃತಕವಾಗಿ ಏರಿಸಿದಂತೆಯೇ ಆಯಿತು. ಪ್ಯಾರಾಮೀಟರನ್ನು ಅರ್ಧ ಮಾಡಿ ಬಿರುಕಿನ ಶಕ್ತಿ ಬದಲಾಗದಿದ್ದರೆ ನಿಮ್ಮ ಆಯ್ಕೆ ಸರಿ.

ಉಳಿದ ಕರ್ಷಣ ಸಹಜವಲ್ಲ, ಹೆಚ್ಚಾಗಿ ಅದು ಡ್ಯಾಂಪಿಂಗ್‌ನ ಕೆಲಸ. ಆರಂಭದ ಸ್ಟಿಫ್‌ನೆಸ್‌ನಿಂದಲೇ ಡ್ಯಾಂಪಿಂಗ್ ಲೆಕ್ಕ ಹಾಕಿದರೆ, ಬಿರುಕು ಬಿಟ್ಟ ಎಲಿಮೆಂಟಿನಲ್ಲೂ ಅದು ಹಾಗೇ ಉಳಿದಿರುತ್ತದೆ. 0.75 ಮೀಟರ್ ಎಲಿಮೆಂಟಿನಲ್ಲಿ ಬಿರುಕು ಸೆಕೆಂಡಿಗೆ 10 ಮಿಲಿಮೀಟರ್ ವೇಗದಲ್ಲಿ ತೆರೆದರೆ ಹಿಗ್ಗುವ ದರ ಸೆಕೆಂಡಿಗೆ 0.0133. ಅದನ್ನು ಬೀಟಾ 0.0032ರಿಂದಲೂ 31,000 ಮೆಗಾಪ್ಯಾಸ್ಕಲ್‌ನಿಂದಲೂ ಗುಣಿಸಿ: 1.3 ಮೆಗಾಪ್ಯಾಸ್ಕಲ್. ಕಾಂಕ್ರೀಟಿನ ಸಾಮರ್ಥ್ಯದ ಅರ್ಧಕ್ಕೆ ಸಮೀಪದ ಒತ್ತಡವನ್ನು ಒಡೆದುಹೋದ ಬಿರುಕು ಹೊರುತ್ತಿದೆ! ನಿಮ್ಮ ಲೆಕ್ಕದಲ್ಲಿ ಬೀಟಾ ಯಾವ ಸ್ಟಿಫ್‌ನೆಸ್ ಮೇಲೆ ಕೆಲಸ ಮಾಡುತ್ತಿದೆ ಎಂದು ಕೈಪಿಡಿಯಲ್ಲಿ ಓದಿ ಖಚಿತಪಡಿಸಿಕೊಳ್ಳಿ. ಹಾನಿಯಾದಂತೆ ಕುಗ್ಗುವ ಸ್ಟಿಫ್‌ನೆಸ್ ಮೇಲೆ ಇದ್ದರೆ ಈ ಸುಳ್ಳು ಒತ್ತಡವೂ ಕುಗ್ಗುತ್ತದೆ. ಆ ಅನುಕೂಲ ಇಲ್ಲದಿದ್ದರೆ, ಬಿರುಕು ಬರುವ ಪಟ್ಟಿಗೆ ಬೇರೆ ಸಾಮಗ್ರಿ ಹೆಸರು ಕೊಟ್ಟು ಅಲ್ಲಿನ ಬೀಟಾ ಹತ್ತನೇ ಒಂದಕ್ಕೆ ಇಳಿಸಿ ಒಮ್ಮೆ ಓಡಿಸಿ, ಬಿರುಕಿನ ಉದ್ದ ಎಷ್ಟು ಬದಲಾಯಿತು ಎಂಬುದನ್ನೂ ಪ್ರಬಂಧದಲ್ಲಿ ಬರೆಯಿರಿ.

ಔಟ್‌ಪುಟ್ ಅಂತರವನ್ನೂ ಒಮ್ಮೆ ನೋಡಿ. 0.002ರಲ್ಲಿ ಲೆಕ್ಕ ಮಾಡಿ 0.05ಕ್ಕೊಮ್ಮೆ ಉಳಿಸಿದರೆ ಮೊದಲ ಬಿರುಕು ತೆರೆದ ಕ್ಷಣ ಕಡತದಲ್ಲೇ ಇರುವುದಿಲ್ಲ. ಇಡೀ ಮಾದರಿಯ ಚಿತ್ರವನ್ನು 0.05ಕ್ಕೊಮ್ಮೆ ಉಳಿಸಿದರೂ ಸಾಕು. ಆದರೆ ಅಣೆಕಟ್ಟಿನ ನೆತ್ತಿಯ ಸ್ಥಾನಪಲ್ಲಟ, ಇಳಿಜಾರು ಬದಲಾಗುವ ಮೂಲೆಯ ಐದಾರು ಎಲಿಮೆಂಟುಗಳ ಒತ್ತಡ ಮತ್ತು ಹಾನಿ, ಒಟ್ಟು ಶಕ್ತಿಗಳು, ಇಷ್ಟನ್ನು ಪ್ರತಿ ಹೆಜ್ಜೆಗೂ ಉಳಿಸಿ. ಕಡತ ದೊಡ್ಡದಾಗುವುದಿಲ್ಲ.